ಅಕ್ಕನ ಗಾಡಿಯ ಪಾಸು

ನನ್ನ ಅಕ್ಕನ ಬಲಗಾಲಿಗೆ ಪೋಲಿಯೋ. ಇಷ್ಟು ಸಣ್ಣ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಹೋದ ವರ್ಷ, ಅರ್ಧ ತಲೆ ಬೆಳ್ಳಗಾದ ಮೇಲೆ. ನಮ್ಮ ಮನೆಯಲ್ಲಿ ಆ ಕಾಲಿಗೆ ಹೆಸರಿರಲಿಲ್ಲ. ಅವ್ವ ದನಿ ಇಳಿಸಿ ‘ಆ ಕಾಲು’ ಎನ್ನುತ್ತಿದ್ದಳು. ಹೊರಗಿನವರು ಕೇಳಿದರೆ, “ಸಣ್ಣಾಕಿದ್ದಾಗ ಬಿದ್ದಿದ್ಲು, ಥಂಡಿ ದಿನದಾಗ ಸ್ವಲ್ಪ ಹಿಡಕೊಂತೈತಿ” ಎಂದು ಮಾತು ಮುಗಿಸುತ್ತಿದ್ದಳು.

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಏಳನೆಯ ಇಯತ್ತೆ ಮುಗಿಸಿ ಅಪ್ಪನ ಜೊತೆ ಅಲ್ಲಿ ನಿಂತವನು ಈಗಲೂ ಅಲ್ಲೇ ನಿಂತಿದ್ದೇನೆ. ಗಿರಾಕಿಗಳ ಡಬ್ಬಿಯ ಮೇಲೆ ಸುಣ್ಣದ ಕಡ್ಡಿಯಿಂದ ಹೆಸರು ಬರೆಯುವುದೇ ನನ್ನ ದಿನದ ಬರವಣಿಗೆ. ಇದನ್ನು ಬರೆಯಲು ಹೇಳಿದವಳು ನನ್ನ ಮಗಳು. ಮನಸ್ಸಿನಲ್ಲಿ ಇಟ್ಟುಕೊಂಡರೆ ಹುಳ ಬೀಳುತ್ತದೆ ಎಂದಳು.

ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಅವಳನ್ನು ನೋಡಲು ವರನ ಕಡೆಯವರು ಬರುವ ದಿನ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಅವರ ಗಾಡಿ ಓಣಿಯ ತುದಿಗೆ ಬಂದಿತೆಂದು ಗೊತ್ತಾದ ಕೂಡಲೇ ಅವ್ವ ಅಕ್ಕನನ್ನು ಪಡಸಾಲೆಯ ಚಾಪೆಯ ಮೇಲೆ ಕೂಡಿಸಿ, ಬಲಗಾಲು ಮಡಚಿ, ಸೀರೆಯ ಅಂಚನ್ನು ಸುತ್ತಲೂ ಹರವುತ್ತಿದ್ದಳು. ಅವಲಕ್ಕಿ, ಚಹಾದ ತಾಟು ಹುಡುಗಿಯೇ ತರಬೇಕು. ನಮ್ಮ ಮನೆಯಲ್ಲಿ ನಾನು ತರುತ್ತಿದ್ದೆ. ಬಂದ ಹೆಂಗಸರಲ್ಲಿ ಯಾರಾದರೂ ಒಬ್ಬರು, “ಯವ್ವಾ, ಸ್ವಲ್ಪ ಎದ್ದು ನಡದು ತೋರಸು” ಎನ್ನುವ ಮೊದಲೇ ಅವ್ವ ಶುರುಮಾಡಿಬಿಡಬೇಕು. “ಎಲ್ಲಾ ಕೆಲಸ ತಾನ ಮಾಡ್ತಾಳ್ರಿ. ರೊಟ್ಟಿ ಬಡಿಯೋದ್ರಾಗ ಕೈ ಹಿಡಿಯೋರಿಲ್ಲ. ನೀರು ತರತಾಳು, ಅಂಗಳ ಸಾರಸ್ತಾಳು. ಏನಂದ್ರ ಏನೂ ತೊಂದರಿ ಇಲ್ರಿ.” ಆ ಮಾತು ಎಷ್ಟು ಸಲ ಕೇಳಿದ್ದೇನೆಂದರೆ, ವಚನಗಳ ಜೊತೆ ಅದೂ ನನಗೆ ಬಾಯಿಪಾಠವಾಗಿತ್ತು.

ಕೊನೆಗೆ ಯಾರಾದರೂ ನಡೆಸಿಯೇ ನಡೆಸುತ್ತಿದ್ದರು. ಅಲ್ಲಿಗೆ ಅದು ಮುಗಿಯುತ್ತಿತ್ತು. ಕಡೆಕಡೆಗೆ ಅಕ್ಕನೇ, “ಅವ್ವಾ, ಸಾಕ್ ಮಾಡು. ಅವಲಕ್ಕಿ ದಂಡ” ಎಂದಳು. ನನ್ನ ಮದುವೆ ಅವಳಿಗಿಂತ ಮೊದಲಾಯಿತು. ಅವಳದು ಆಗಲಿಲ್ಲ.

ಮದುವೆ ಆಗದಿದ್ದರೇನು, ಅಕ್ಕ ಕೈಕಟ್ಟಿ ಕೂಡುವವಳಲ್ಲ. ಧಾರವಾಡದ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪಂಪಿನ ರಬ್ಬರ್ ಬಳೆಗಳನ್ನು ಪರೀಕ್ಷಿಸುವ ಕೆಲಸ ಹಿಡಿದಳು. ಕುಳಿತು ಮಾಡುವ ಕೆಲಸ. ಬೆರಳಿನಿಂದ ಸವರಿಯೇ ಯಾವುದರಲ್ಲಿ ಸೀಳಿದೆ ಎಂದು ಹೇಳುತ್ತಾಳೆ. ತಾನೇ ದುಡಿದು ಒಂದು ಸ್ಕೂಟರು ತಗೊಂಡು, ಹಿಂದಿನ ಗಾಲಿಯ ಎರಡೂ ಕಡೆ ಸಣ್ಣ ಗಾಲಿ ಕೂಡಿಸಿಕೊಂಡಳು. ಅದರ ಮೇಲೆ ಕುಳಿತರೆ ಅಕ್ಕನ ಗತ್ತೇ ಬೇರೆ. ನನ್ನ ಮಗಳು ಗಾಡಿ ಹೊಡೆಯಲು ಕಲಿತದ್ದೂ ಅದರ ಮೇಲೆಯೇ.

ಕಾರ್ಖಾನೆಗೆ ಬರುವವರ ಗಾಡಿಗಳು ರಸ್ತೆಯ ತಿರುವಿನಲ್ಲಿರುವ ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ಅಲ್ಲಿಂದ ಗೇಟಿಗೆ ನಡೆಯಬೇಕು, ಗೇಟಿನಿಂದ ಶೆಡ್ಡಿಗೆ ಮತ್ತೆ ನಡೆಯಬೇಕು. ಆ ರಸ್ತೆಯ ತುಂಬ ಲಾರಿಗಳು. ಅಕ್ಕನ ಗಾಡಿಗೆ ಮಾತ್ರ ಒಳಗೆ ಬಿಡುವ ಪಾಸು ಇತ್ತು. ಗಾಡಿಯ ಮುಂದೆ ಅಂಟಿಸುವ ಒಂದು ಚೀಟಿ, ವರ್ಷಕ್ಕೊಮ್ಮೆ ಹೊಸದು. ಶೆಡ್ಡಿನ ಬಾಗಿಲಿಗೇ ಗಾಡಿ ನಿಲ್ಲಿಸಿ, ಎರಡು ಹೆಜ್ಜೆ ಇಟ್ಟು ಕುರ್ಚಿಯ ಮೇಲೆ ಕೂಡುತ್ತಿದ್ದಳು. ಆ ಚೀಟಿಯ ಬಲದಿಂದಲೇ ಅವಳ ನೌಕರಿ ನಡೆದಿತ್ತು.

ಹೋದ ವರ್ಷ ಪಾಸು ಹೊಸದು ಮಾಡಿಸಲು ಹೋದಾಗ, ಹಳೆಯ ಸರ್ಟಿಫಿಕೇಟು ನಡೆಯುವುದಿಲ್ಲ ಎಂದರು. ಈಗ ಸರಕಾರದ ಪ್ಲಾಸ್ಟಿಕ್ ಕಾರ್ಡೇ ಬೇಕು, ಅದರಲ್ಲಿ ಊನ ಶೇಕಡಾ ನಲವತ್ತಕ್ಕಿಂತ ಕಡಿಮೆ ಇರಬಾರದು. ಗೇಟಿನ ಕಾವಲುಗಾರ ಹಿರಿಯ ಮನುಷ್ಯ, ದಿನಾ ಅಕ್ಕನಿಗೆ ನಮಸ್ಕಾರ ಮಾಡುವವನು. ಪಾಪ, ಅವನೂ ಏನು ಮಾಡಿಯಾನು? “ನನಗ ನಿಮ್ಮ ಕಾಲು ಗೊತ್ತೈತ್ರೀ ಅಕ್ಕಾರ. ನಮ್ಮ ಹೊಸಾ ಸಾಹೇಬಗ ಕಾರ್ಡ ಬೇಕಂತ” ಎಂದನಂತೆ.

ಆ ಕೆಲಸ ನಾನು ಮೈಮೇಲೆ ತಗೊಂಡೆ. “ನೀ ರಜಾ ಹಾಕಬ್ಯಾಡ ಅಕ್ಕಾ, ನಾ ಮಾಡಸ್ತೇನಿ” ಎಂದು ಎದೆ ತಟ್ಟಿಕೊಂಡೆ. ಮೊದಲನೆಯ ದಿನವೇ ಜೆರಾಕ್ಸ್ ಅಂಗಡಿಯಲ್ಲಿ ಸಿಕ್ಕಿಕೊಂಡೆ. ಕಂಪ್ಯೂಟರಿನ ಮುಂದೆ ಕುಳಿತ ಹುಡುಗಿ ಅಕ್ಕನ ಆಧಾರ್ ನಂಬರು ಹಾಕಿ, “ಒಟಿಪಿ ಬಂದೈತಿ, ಹೇಳ್ರಿ” ಎಂದಳು. ಒಟಿಪಿ ಹೋಗಿದ್ದು ಅವ್ವನ ಫೋನಿಗೆ. ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

“ಆ ನಂಬರ್ ಈಗ ಯಾರ ಹಂತ್ಯಾಕ ಐತ್ರಿ?” ಎಂದು ಕೇಳಿದಳು.

“ಕೈಲಾಸದಾಗ ಐತಿ” ಎಂದೆ.

ಹುಡುಗಿ ನಗಲೂ ಇಲ್ಲ. ನಂಬರು ಬದಲಿಸಲು ಬೇರೆ ಕಡೆ ಸರತಿ. ಅಲ್ಲಿ ಅಕ್ಕನ ಬೆರಳಚ್ಚು ಹತ್ತಲಿಲ್ಲ. ರಬ್ಬರು ಸವರಿ ಸವರಿ ಬೆರಳ ಗೆರೆಯೇ ಅಳಿಸಿಹೋಗಿತ್ತು. ಕಡೆಗೆ ಕಣ್ಣು ತೋರಿಸಿ ಆಯಿತು. ಅರ್ಜಿ ಹೋಯಿತು. ತಪಾಸಣೆಗೆ ಸರಕಾರಿ ಆಸ್ಪತ್ರೆಗೆ ಬನ್ನಿ ಎಂದು ಫೋನಿಗೆ ಸಂದೇಶ ಬಂತು.

ಇನ್ನು ನನ್ನ ತಪ್ಪಿನ ಮಾತು.

ಆಗ ನನ್ನ ಮಗಳಿಗೆ ಹತ್ತಿರದ ಗರಗ ಊರಿನ ಒಂದು ಮನೆತನದಿಂದ ಸಂಬಂಧದ ಮಾತು ನಡೆದಿತ್ತು. ಹುಡುಗ ಧಾರವಾಡದಲ್ಲಿ ಔಷಧದ ಅಂಗಡಿ ಇಟ್ಟವನು, ಒಳ್ಳೆಯವನು. ಅಕ್ಕ ನಮ್ಮ ಜೊತೆ ಇದ್ದಾಳೆ ಎಂದು ಅವರಿಗೆ ಹೇಳಿದ್ದೆ, ಕಾಲಿನ ವಿಷಯ ಹೇಳಿರಲಿಲ್ಲ. ಅವರು ಹುಡುಗಿಯನ್ನು ನೋಡಿ ಹೋದ ದಿನ ಅಕ್ಕ ಕೆಲಸಕ್ಕೆ ಹೋಗಿದ್ದಳು. ಆಸ್ಪತ್ರೆಯ ಪಡಸಾಲೆಯಲ್ಲಿ ಅಕ್ಕನ ಜೊತೆ ಹೋಗಿ ಕೂತರೆ, ಎದುರಿಗಿನ ಬೆಂಚಿನ ಮೇಲೆ ಆ ಹುಡುಗನ ದೊಡ್ಡಪ್ಪ! ತಮ್ಮ ತಾಯಿಯನ್ನು ಕಿವಿ ತೋರಿಸಲು ಕರೆತಂದಿದ್ದರು. ಇವಳೇ ನಮ್ಮ ಅಕ್ಕ ಎಂದೆ.

ಮುದುಕಿ ಅಕ್ಕನನ್ನು ಮೇಲಿಂದ ಕೆಳಗೆ ನೋಡಿ ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿದಳು. “ಈಕಿನ ಏನೋ ನಮ್ಮ ಹುಡುಗಗ ನೋಡಿದ ಕನ್ಯಾ?”

“ಅಲ್ಲಬೇ, ಇವರು ಕನ್ಯಾದ ಸ್ವಾದರತ್ತಿ!”

“ಹೌದನು? ವಯಸ್ಸಾಗೇತಿ ಅಂತ ನಾನೂ ಅಂದ್ಕೊಂಡೆ. ಮತ್ತ ಇಲ್ಲ್ಯಾಕ ಬಂದಾಳ?”

ಅಕ್ಕ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. “ಹಿಂಗ ಸುಮ್ನ ರೀ, ಒಂದು ಹಳೇ ಕಾಗದ ಇತ್ತು, ಹೊಸಾದು ಮಾಡಸಾಕ” ಎಂದು ತೇಲಿಸಿದೆ.

ಒಳಗೆ ಒಂದೇ ದೊಡ್ಡ ಕೋಣೆ. ಕಿವಿಗೆ ಒಂದು ಮೇಜು, ಕಣ್ಣಿಗೆ ಒಂದು, ಕೈಕಾಲಿಗೆ ಒಂದು. ಎಲ್ಲರನ್ನೂ ಒಟ್ಟಿಗೇ ಬಿಟ್ಟರು. ಅಕ್ಕನನ್ನು ಪರದೆಯ ಆಚೆ ಮಂಚದ ಮೇಲೆ ಕೂಡಿಸಿದರು. ಗರಗದವರು ಪಕ್ಕದ ಮೇಜಿನ ಹತ್ತಿರ, ನನ್ನ ಬೆನ್ನಿಗೇ ನಿಂತಿದ್ದರು. ನರ್ಸಮ್ಮ, “ಸೀರಿ ಮ್ಯಾಲ ಮಾಡ್ರಿ, ಕಾಲು ನೋಡಬೇಕು” ಎನ್ನುವುದು ಕೇಳಿಸಿತು. ನಾನು ಈಚೆಯಿಂದಲೇ, “ಅಷ್ಟೇನಿಲ್ರೀ, ಹಿಮ್ಮಡದ ತನಕ ನೋಡಿದ್ರ ಸಾಕು” ಎಂದೆ. ಡಾಕ್ಟರರು ಹೋಗಿ ಪಾದ ನೋಡಿ ಬಂದರು. ಹೊರಗೆ ಜನವೋ ಜನ, ಅವರಿಗೂ ಅವಸರ.

“ನಡಿಯೋಕೆ ಎಷ್ಟು ತೊಂದರೆ ಇದೆ?” ಎಂದು ನನ್ನನ್ನೇ ಕೇಳಿದರು.

ಆಗ ನನ್ನ ಬಾಯಿಂದ ಅವ್ವ ಮಾತಾಡಿದಳು. “ಎಲ್ಲಾ ಕೆಲಸ ತಾನ ಮಾಡ್ತಾಳ್ರಿ. ರೊಟ್ಟಿ ಬಡಿತಾಳು, ನೀರು ತರತಾಳು, ಮೆಟ್ಟಲಾ ಏರತಾಳು. ಏನಂದ್ರ ಏನೂ ತೊಂದರಿ ಇಲ್ರಿ.”

ಡಾಕ್ಟರರು ತಲೆ ಎತ್ತಿ ನನ್ನ ಮುಖ ನೋಡಿದರು. ಕಾರ್ಡು ಬೇಡಲು ಬಂದವನು ಹೀಗೆ ಮಾತಾಡಿದ್ದನ್ನು ಅವರು ಹಿಂದೆಂದೂ ಕೇಳಿರಲಿಕ್ಕಿಲ್ಲ. ಆಮೇಲೆ ಬರೆದುಕೊಂಡರು. ನನಗೆ ಆಗಲೂ ಬಾಯಿ ತಿದ್ದಿಕೊಳ್ಳಲು ವೇಳೆ ಇತ್ತು. ಬೆನ್ನ ಹಿಂದೆ ಬೀಗರಾಗುವವರು ಇದ್ದರು. ಕಾಗದದ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ.

ಮನೆಗೆ ಬಂದ ಕಾರ್ಡಿನ ಮೇಲೆ ಬಿಳಿ ಪಟ್ಟಿ ಇತ್ತು. ಬಿಳಿ ಎಂದರೆ ನಲವತ್ತಕ್ಕಿಂತ ಕಡಿಮೆ. ಪಾಸಿಗೆ ಹಳದಿ ಪಟ್ಟಿಯದು ಬೇಕು.

“ಡಾಕ್ಟರ್ ಸರಿಯಾಗಿ ನೋಡಲಿಲ್ಲ ಅನಸ್ತೈತಿ” ಎಂದೆ. ಅಕ್ಕ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, “ಫೋಟೋ ಛಲೋ ಬಂದೈತಿ” ಎಂದಳು.

ಮರುದಿನದಿಂದ ಅವಳ ಗಾಡಿ ತಿರುವಿನ ಸ್ಟ್ಯಾಂಡಿನಲ್ಲಿ ನಿಂತಿತು. ನಾನು ಆಟೋದಲ್ಲಿ ಬಿಟ್ಟು ಬರುತ್ತೇನೆ ಎಂದರೆ ಆಟೋವನ್ನೂ ಗೇಟಿನ ಒಳಗೆ ಬಿಡುವುದಿಲ್ಲ, ಸುಮ್ಮನೆ ಖರ್ಚು ಎಂದಳು. ಮನೆ ಬಿಡುವ ಹೊತ್ತು ಮುಂಚೆಯಾಯಿತು. ಸಂಜೆ ಬಂದವಳು ಗಾಡಿಯಿಂದ ಇಳಿಯದೆ ಸ್ವಲ್ಪ ಹೊತ್ತು ಅದರ ಮೇಲೆಯೇ ಕುಳಿತಿರುತ್ತಿದ್ದಳು. ಕೇಳಿದರೆ, “ಗಾಳಿ ತಂಪೈತಿ” ಎನ್ನುತ್ತಿದ್ದಳು. ಒಂದು ದಿನ ಗಿರಣಿಗೆ ಬಂದು, “ತಮ್ಮಾ, ಒಂದು ಖಾಲಿ ಚೀಲ ಇದ್ರ ಕೊಡು” ಎಂದಳು. ಗೋಧಿಯ ಗೋಣಿಚೀಲ ಕೊಡವಿ ಕೊಟ್ಟೆ. ಯಾತಕ್ಕೆ ಎಂದು ಕೇಳಲಿಲ್ಲ.

ಅತ್ತ ಗರಗದವರು ಹೂಂ ಎಂದರು. ಮನೆಯಲ್ಲಿ ಎಲ್ಲರೂ ಖುಷಿಯಾಗಿದ್ದರು. ಅಕ್ಕ ನನ್ನ ಮಗಳನ್ನು ಅಪ್ಪಿಕೊಂಡು ಅತ್ತಳು. ನಾನು ಗಿರಣಿಗೆ ಹೋಗಿ, ಹಾಕಲು ಕಾಳಿಲ್ಲದಿದ್ದರೂ ಮೋಟಾರು ಶುರುಮಾಡಿ ಅದರ ಸದ್ದಿನಲ್ಲಿ ಕುಳಿತೆ.

ಸುಗ್ಗಿ ಮುಗಿದು ಬಿಸಿಲು ಏರಿದ ಮೇಲೆ ಒಂದು ಮುಂಜಾನೆ ಗಿರಣಿಯ ಪಟ್ಟಾ ಹರಿಯಿತು. ಹೊಸದನ್ನು ತರಲು ಬೇಲೂರಿನ ಕಡೆಗೇ ಹೋಗಬೇಕಾಯಿತು. ಕಾರ್ಖಾನೆಯ ತಿರುವಿನಲ್ಲಿ ಅಕ್ಕ ಕಂಡಳು. ಬಲಗೈಯಿಂದ ತೊಡೆಯನ್ನು ಒತ್ತಿ ಹಿಡಿದು, ಒಂದು ಹೆಜ್ಜೆ, ಮತ್ತೆ ಒತ್ತಿ, ಮತ್ತೊಂದು ಹೆಜ್ಜೆ. ಲಾರಿ ಬಂದಾಗಲೆಲ್ಲ ಮಣ್ಣಿಗೆ ಇಳಿದು ನಿಲ್ಲುತ್ತಿದ್ದಳು. ಅವಳ ಜೊತೆಯ ಹೆಣ್ಣುಮಗಳೊಬ್ಬಳು ಅವಳ ಊಟದ ಡಬ್ಬಿ ಇಸಿದುಕೊಂಡು ಮುಂದೆ ಹೋದಳು. ಅಕ್ಕ ಮೋರಿಯ ಕಟ್ಟೆಯವರೆಗೆ ಹೇಗೋ ಹೋಗಿ ಅದರ ಮೇಲೆ ಕುಳಿತುಬಿಟ್ಟಳು. ಮುಖ ಒರೆಸಿಕೊಂಡಳು.

ನಾನು ಹತ್ತಿರ ಹೋಗಬೇಕಾಗಿತ್ತು. ಹೋಗಲಿಲ್ಲ. ಚಿಕ್ಕಂದಿನಲ್ಲಿ ಸಾಲೆಗೆ ಹೋಗುವಾಗಲೂ ಹೀಗೇ ಮಾಡುತ್ತಿದ್ದೆ. ಹುಡುಗರು ನೋಡಿಯಾರು ಎಂದು ಅವಳಿಗಿಂತ ಮುಂದೆ ಮುಂದೆ ನಡೆಯುತ್ತಿದ್ದೆ. ಅವಳು ಹಿಂದಿನಿಂದ, “ತಮ್ಮಾ, ನಿಲ್ಲೋ” ಎನ್ನುತ್ತಿದ್ದಳು.

ಆ ರವಿವಾರ ಅಕ್ಕ ಜೋಳ ಬೀಸಿಸಲು ಗಿರಣಿಗೆ ಬಂದಳು. ಬೇರೆ ಯಾರೂ ಇರಲಿಲ್ಲ. ಮೋಟಾರು ಬಂದ್ ಮಾಡಿ, ಹಿಟ್ಟು ಬಡಿದ ಮುಖದಲ್ಲಿಯೇ ಹೇಳಿದೆ. ಡಾಕ್ಟರರ ತಪ್ಪಲ್ಲ, ನಾನು ಹಾಗೆ ಹೇಳಿದ್ದಕ್ಕೆ ಬಿಳಿ ಕಾರ್ಡು ಬಂತು ಎಂದೆ.

“ಗೊತ್ತೈತಿ” ಎಂದಳು ಅಕ್ಕ.

“ಹೆಂಗ?”

“ಹೆಂಗಂದ್ರ? ನಾ ಪರದೆ ಹಿಂದ ಇದ್ನೆಪಾ. ಕಿವಿ ಕೆಟ್ಟದ್ದು ಆ ಗರಗದ ಅಮ್ಮಂದು, ನಂದಲ್ಲ.”

ನಾನು ತಲೆ ಎತ್ತಲಿಲ್ಲ. “ಮತ್ತ ಆವಾಗ ಯಾಕ ಸುಮ್ನಿದ್ದಿ? ಬೈಬೇಕಿತ್ತು.”

“ಕೂಸಿನ ಲಗ್ನದ ಮಾತು ನಡದಿತ್ತು. ಅಲ್ಲದ, ನರ್ಸಬಾಯಿ ಸೀರಿ ಎತ್ತು ಅಂದಾಗ ನಾನೂ ಎತ್ತಲಿಲ್ಲ. ಗಟ್ಟಿಯಾಗಿ ಹಿಡಕೊಂಡ ಕುಂತಿದ್ದೆ.” ಡಬ್ಬಿಯ ಮುಚ್ಚಳ ಒತ್ತಿದಳು. “ಆದ್ರ ತಮ್ಮಾ, ನೀ ಅವ್ವನ ಮಾತು ಹೇಳಿದಿ ನೋಡು, ಆವಾಗ ಮತ್ತ ಚಾಪಿ ಮ್ಯಾಲ ಕುಂತಂಗಾತು. ಇಷ್ಟು ವರ್ಷ ದುಡದು, ಮತ್ತ ಅದ ಚಾಪಿ ಮ್ಯಾಲ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕಣ್ಣಿನ ನೀರಿಗೆ ಮುಖದ ಹಿಟ್ಟು ಕಣಕವಾಯಿತು. ಅಕ್ಕ ತನ್ನ ಸೆರಗಿನಿಂದ ಅದನ್ನು ಒರೆಸುತ್ತ, “ಏ ಹುಚ್ಚಪ್ಪಾ, ಸಾಕು. ನಂಗ ಇನ್ನ ನಡಿಯಾಕ ಆಗೂದಿಲ್ಲ. ಮಳಿಗಾಲಕ್ಕ ಪಾಸ್ ಸಿಗಲಿಲ್ಲ ಅಂದ್ರ ಕೆಲಸ ಬಿಡತೇನಿ. ಇನ್ನೊಮ್ಮೆ ಅರ್ಜಿ ಹಾಕು. ಈ ಸಲ ಎಲ್ಲಾರ ಮುಂದ ನೀನ ಹೇಳಬೇಕು” ಎಂದಳು.

ಅಕ್ಕ ಕೆಲಸ ಬಿಡುವ ಮಾತಾಡಿದ್ದು ಅದೇ ಮೊದಲು.

ಒಮ್ಮೆ ಬರೆದದ್ದನ್ನು ಬದಲಿಸಿ ಎಂದು ಕೇಳುವುದು ಹೊಸದಾಗಿ ಕೇಳುವುದಕ್ಕಿಂತ ಕಷ್ಟ ಎಂದು ಆಗ ತಿಳಿಯಿತು. ಒಂದು ಕಿಟಕಿಯಲ್ಲಿ, ಕಾರ್ಡು ಬಂದ ಮೇಲೆ ಮತ್ತೆ ತಪಾಸಣೆ ಇಲ್ಲ ಎಂದರು. ಇನ್ನೊಂದರಲ್ಲಿ ಮೇಲ್ಮನವಿ ಬರೆದು ಕೊಡಿ ಎಂದರು. ಒಮ್ಮೆ ಕಾಲಿನ ಡಾಕ್ಟರರು ರಜೆ. ಒಮ್ಮೆ ಎಕ್ಸ್‌ರೇ ಬೇಕು. ಒಮ್ಮೆ ಎಲ್ಲವೂ ಇದ್ದು ಕರೆಂಟಿಲ್ಲ. “ಕಾಲು ಕಾಣುವಂತೆ ಪೂರ್ತಿ ಫೋಟೋ ತನ್ನಿ” ಎಂದೂ ಹೇಳಿದರು.

ಸ್ಟುಡಿಯೋದಲ್ಲಿ ಅಕ್ಕ ಸ್ಟೂಲಿನ ಮೇಲೆ ಕುಳಿತಳು. ಚಪ್ಪಲಿ ಬಿಚ್ಚಿದಳು. ಅವನ್ನು ಕೈಯಲ್ಲಿ ಹಿಡಿದು ನಾನು ಗೋಡೆಯ ಕಡೆ ತಿರುಗಿದೆ.

“ಈ ಕಡೆ ನೋಡು. ನೋಡದ ಏನ್ ಹೇಳ್ತಿ ಡಾಕ್ಟರ್ ಮುಂದ?” ಎಂದಳು.

ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು. ಒಂದೇ ಮನೆಯಲ್ಲಿ ಬೆಳೆದು, ಒಂದೇ ಮನೆಯಲ್ಲಿ ತಲೆ ನರೆತು, ಆ ಕಾಲನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ಮೀನಖಂಡ ಇರಲೇ ಇಲ್ಲ. ಮೊಣಕಾಲಿನ ಕೆಳಗೆ ನನ್ನ ಮುಂಗೈಯಷ್ಟು ದಪ್ಪ. ಪಾದ ಮಾತ್ರ ಸಣ್ಣ ಹುಡುಗಿಯ ಪಾದದಂತೆ ಮೆತ್ತಗೆ, ಬಿಸಿಲು ಕಾಣದೆ ಬೆಳ್ಳಗೆ. ಐದೂ ಬೆರಳಿನ ಉಗುರಿಗೆ ಕೆಂಪು ಬಣ್ಣ ಹಚ್ಚಿತ್ತು.

“ಇದೇನ ಅಕ್ಕಾ?”

“ನಿನ್ನ ಮಗಳ ಕಾರಭಾರ. ರವಿವಾರಕ್ಕೊಮ್ಮೆ ಎಣ್ಣಿ ಹಚ್ಚಿ ತಿಕ್ಕತಾಳು, ಆಮ್ಯಾಲ ಬಣ್ಣಾ ಹಚ್ಚತಾಳು. ತನ್ನ ಹುಡುಗಗೂ ಈ ಕಾಲಿನ ಫೋಟೋ ಕಳಿಸ್ಯಾಳಂತ, ‘ನಮ್ಮ ಅತ್ತಿ ಪಾದ, ನಾನು ಹಚ್ಚಿದ್ದು’ ಅಂತ.”

“ಯಾವಾಗ?”

“ಅವರು ನೋಡಾಕ ಬಂದು ಹೋದ ವಾರನ ಅಂತ, ನಾವು ದವಾಖಾನಿಗೆ ಹೋಗೂಕಿಂತ ಮೊದಲ. ನನಗೂ ಮೊನ್ನೆ ಹೇಳಿದ್ಲು. ನಿನಗ ಹೇಳಿಲ್ಲನು?”

ಫೋಟೋದವನು, “ಸರ್ ಸ್ವಲ್ಪ ಸರೀರಿ, ನೆರಳ ಬೀಳಾಕತ್ತೈತಿ” ಎಂದ. ನಾನು ಸರಿದು ನಿಂತೆ.

ಎರಡನೆಯ ತಪಾಸಣೆಯ ದಿನವೂ ಅದೇ ಕೋಣೆ, ಅಷ್ಟೇ ಜನ. ಡಾಕ್ಟರರು ಮಾತ್ರ ಬೇರೆ, ಸ್ವಲ್ಪ ವಯಸ್ಸಾದ ಹೆಂಗಸು. ಅಕ್ಕ ಈ ಸಲ ನರ್ಸು ಹೇಳುವ ಮೊದಲೇ ಸೀರೆ ಎತ್ತಿ ಕುಳಿತಳು. ಡಾಕ್ಟರರು ಟೇಪು ಹಿಡಿದು ಅಳೆದರು, ಒತ್ತಿ ನೋಡಿದರು, ಒದೆಯಲು ಹೇಳಿದರು. ಆಮೇಲೆ ಹಳೆಯ ಕಾಗದ ತಿರುವಿ, “ಇಲ್ಲೇನೂ ತೊಂದ್ರಿ ಇಲ್ಲ ಅಂತ ಬರದಾರಲ್ರಿ?” ಎಂದು ಕೇಳಿದರು.

ಅಕ್ಕ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆದೆ. ಸುಳ್ಳಲ್ಲ, “ಎಲ್ಲಾ ಕೆಲಸ” ಎನ್ನುವ ಎರಡು ಶಬ್ದ ಬಂದೇ ಬಿಟ್ಟವು. ಅಲ್ಲಿಗೇ ನುಂಗಿದೆ.

“ನಮ್ಮ ಅಕ್ಕಗ ಪೋಲಿಯೋ ಐತ್ರಿ” ಎಂದೆ. ದನಿ ಇಳಿಸಲಿಲ್ಲ. ಕಣ್ಣಿನ ಮೇಜಿನವರೂ ತಿರುಗಿ ನೋಡಿದರು. “ತೊಡಿ ಒತ್ತಿ ಹಿಡಕೊಂಡ ನಡೀತಾಳ್ರಿ. ಬಚ್ಚಲದಾಗ ಎರಡ ಸಲ ಬಿದ್ದಾಳ. ಕೊಡ ಎತ್ತಾಕ ಆಗೂದಿಲ್ಲ. ಹೋದ ಸಲ ನಾನ ಸುಳ್ಳ ಹೇಳಿದ್ದೆ. ಮಂದಿ ಇದ್ರಂತ ಹೇಳಿದ್ದೆ ರೀ.”

ಡಾಕ್ಟರರು ಬೈಯಲಿಲ್ಲ. “ನಿಲ್ಲದ ಎಷ್ಟ ದೂರ ನಡೀತಾರ?” ಎಂದರು.

ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಅವಳಿಗೆ ಅದನ್ನು ಕೇಳಿರಲಿಲ್ಲ.

ಅಕ್ಕನೇ ಕಿಟಕಿಯ ಕಡೆ ಕೈ ಮಾಡಿದಳು. “ಆ ಬೇವಿನ ಗಿಡದ ತನಕ ರೀ. ಅದರಾಚೆ ಹೋಗಬೇಕಂದ್ರ ಕೂಡಬೇಕು.”

ಬೇವಿನ ಗಿಡ ಆಸ್ಪತ್ರೆಯ ಅಂಗಳದಲ್ಲಿಯೇ ಇತ್ತು. ಬಹಳ ಹತ್ತಿರ.

ಹೊರಗೆ ಬರುವಾಗ ನಾನು ಅವಳ ಮಗ್ಗುಲಲ್ಲಿ ನಡೆದೆ. ಅಷ್ಟು ಸಾವಕಾಶ ನಡೆಯಲು ನನಗೆ ಬರಲಿಲ್ಲ, ಕಾಲು ತಾನಾಗಿ ಮುಂದೆ ಹೋಗುತ್ತಿತ್ತು, ತಡೆದು ತಡೆದು ಇಡುತ್ತಿದ್ದೆ. “ದೇವರ ಪಲ್ಲಕ್ಕಿ ಹೊತ್ತಂಗ ನಡೀಬ್ಯಾಡೋ, ಮಂದಿ ಕೈ ಮುಗದಾರು” ಎಂದು ಅಕ್ಕ ನಕ್ಕಳು. ಬೇವಿನ ಗಿಡದ ಬುಡದಲ್ಲಿ ಇಬ್ಬರೂ ಕುಳಿತೆವು.

ಹಳದಿ ಪಟ್ಟಿಯ ಕಾರ್ಡು ಮಳೆಗಾಲ ಶುರುವಾಗುವ ಹೊತ್ತಿಗೆ ಟಪಾಲಿನಲ್ಲಿ ಬಂತು. ಪಾಸು ಅಂಟಿಸುವ ದಿನ ನಾನೂ ಅಕ್ಕನ ಗಾಡಿಯ ಹಿಂದೆ ನನ್ನ ಗಾಡಿ ತಗೊಂಡು ಹೋದೆ. ಕಾವಲುಗಾರ ಹಳೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು ಹೊಸದನ್ನು ಅಂಟಿಸಿ, ಅಂಗೈಯಿಂದ ತಿಕ್ಕಿ ಕೂಡಿಸಿ, “ಹೋಗ್ರೀ ಅಕ್ಕಾರ, ನಿಮ್ಮ ಮನಿ” ಎಂದು ಗೇಟು ತೆಗೆದ. ಅಕ್ಕ ಹಾರ್ನು ಹೊಡೆಯುತ್ತ ಶೆಡ್ಡಿನ ಬಾಗಿಲಿಗೇ ಹೋದಳು. ನನ್ನನ್ನು ಒಳಗೆ ಬಿಡಲಿಲ್ಲ. ನನಗೆಲ್ಲಿಯ ಪಾಸು?

ತಿರುವಿನ ಸ್ಟ್ಯಾಂಡಿನಲ್ಲಿ ನನ್ನ ಗಾಡಿ ಇತ್ತು. ಅದರ ಕಡೆ ನಡೆದೆ. ಮೋರಿಯ ಕಟ್ಟೆ ಬಂದಾಗ ಕುಳಿತೆ. ಕಟ್ಟೆಯ ಸಂದಿಯಲ್ಲಿ ಏನೋ ತುರುಕಿದ್ದು ಕೈಗೆ ಹತ್ತಿತು. ಎಳೆದು ನೋಡಿದರೆ ನಾಲ್ಕು ಮಡಿಕೆ ಮಾಡಿದ ಗೋಣಿಚೀಲ. ನಾನು ಕೊಡವಿ ಕೊಟ್ಟ ಚೀಲ. ಸೀರೆಗೆ ಮಣ್ಣು ಹತ್ತಬಾರದೆಂದು, ಕಲ್ಲು ಸುಡಬಾರದೆಂದು ಇಟ್ಟುಕೊಂಡಿದ್ದಳು. ಅದರ ಹೆಣಿಗೆಯಲ್ಲಿ ಇನ್ನೂ ನಮ್ಮ ಗಿರಣಿಯ ಹಿಟ್ಟಿತ್ತು.

ಅದನ್ನು ತಂದು ತೊಳೆದು ಗಿರಣಿಯ ಬೆಂಚಿನ ಮೇಲೆ, ರವಿವಾರ ಅಕ್ಕ ಕೂಡುವ ಜಾಗದಲ್ಲಿ ಹಾಸಿದೆ. ಜೋಳದ ಡಬ್ಬಿ ತಂದ ಅಕ್ಕ ಅದನ್ನು ನೋಡಿ ಗುರುತು ಹಿಡಿದಳು.

“ಅದನ್ಯಾಕ ತಂದಿ?”

“ಇನ್ನ ಅಲ್ಲಿ ಯಾಕ ಬೇಕದು?”

“ಪಾಸ್ ಒಂದ ವರ್ಷದ್ದೋ ತಮ್ಮಾ. ಮುಂದಿನ ಸಲ ಸಾಹೇಬಗ ಯಾವ ಬಣ್ಣಾ ಬೇಕೋ ಯಾರಿಗ್ಗೊತ್ತು. ತಗದ ಇಡು” ಎಂದು ಅದರ ಮೇಲೆಯೇ ಕುಳಿತು, ಕಾಲು ಚಾಚಿದಳು. ಎರಡೂ ಕಾಲು.